ವಾಗ್ದತ್ತ ಭೂಮಿ: ದಾನಪತ್ರವೋ, ನ್ಯಾಸಪತ್ರವೋ?

ಒಂದು ಜನಾಂಗಕ್ಕೆ ಒಂದು ಗೊತ್ತಾದ ಭೂಭಾಗವನ್ನು ದೇವರೇ ಕೊಡುವುದಾಗಿ ಮಾತುಕೊಟ್ಟನೆಂಬ ನಂಬಿಕೆ ಯಹೂದ್ಯರ ಧರ್ಮಗ್ರಂಥದ ಬೆನ್ನೆಲುಬು. ಕ್ರೈಸ್ತರು ‘ಹಳೆಯ ಒಡಂಬಡಿಕೆ’ ಎಂದು ಕರೆಯುವುದೂ ಇದೇ ಗ್ರಂಥರಾಶಿಯನ್ನು. ಈ ವಾಗ್ದಾನವನ್ನು ಇಂದು ಎರಡು ಬಗೆಯ ಓದುಗರು ಎರಡು ತುದಿಗಳಿಗೆ ಎಳೆಯುತ್ತಿದ್ದಾರೆ. ಒಬ್ಬರಿಗೆ ಅದು ಎಂದೆಂದಿಗೂ ರದ್ದಾಗದ ದಾನಪತ್ರ. ಇನ್ನೊಬ್ಬರಿಗೆ ಪರರ ನೆಲವನ್ನು ಕಸಿಯಲು ಕಟ್ಟಿದ ಕಥೆ. ಇಬ್ಬರೂ ಮೂಲವನ್ನು ಅರ್ಧವೇ ಓದಿದ್ದಾರೆ. ಇಬ್ಬರೂ ಕೈಬಿಟ್ಟಿರುವುದು ಪ್ರವಾದಿಗಳ ಮಾತನ್ನು.

ಮೊದಲು ದಾನಪತ್ರದ ಪಕ್ಷವನ್ನೇ ನೋಡಬೇಕು. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಐಗುಪ್ತದ ನದಿಯಿಂದ ಯೂಫ್ರೆಟಿಸ್ ಮಹಾನದಿಯವರೆಗಿನ ನಾಡು ಅಬ್ರಹಾಮನ ಸಂತತಿಗೆ ಸಲ್ಲುವುದೆಂಬ ಮಾತಿದೆ, ಅಲ್ಲಿ ಷರತ್ತಿಲ್ಲ. 17ನೆಯ ಅಧ್ಯಾಯವು ಅದನ್ನು ಶಾಶ್ವತ ಸ್ವತ್ತು ಎನ್ನುತ್ತದೆ. ಇದನ್ನು ಮುಚ್ಚಿಟ್ಟು ವಾಗ್ದಾನವೆಲ್ಲ ಷರತ್ತಿನದೇ ಎಂದು ಸಾಧಿಸುವುದು ಪ್ರಾಮಾಣಿಕ ವಿಮರ್ಶೆಯಾಗದು. ಆದರೆ ಅದೇ ಆದಿಕಾಂಡದ 23ನೆಯ ಅಧ್ಯಾಯದಲ್ಲಿ, ಪತ್ನಿ ಸಾರಳು ಹೆಬ್ರೋನಿನಲ್ಲಿ ತೀರಿಕೊಂಡಾಗ, ಅಬ್ರಹಾಮನು ಊರವರ ಮುಂದೆ ತಾನು ಪರದೇಶಿಯೆಂದು ಹೇಳಿಕೊಂಡು ಸಮಾಧಿಗೆ ಸ್ಥಳ ಬೇಡುತ್ತಾನೆ. ಹಿತ್ತಿಯನಾದ ಎಫ್ರೋನನು ಉಚಿತವಾಗಿ ಕೊಡುವೆನೆಂದರೂ ಒಪ್ಪದೆ, ಊರಬಾಗಿಲಲ್ಲಿ ಎಲ್ಲರ ಎದುರು 400 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟು ಮಕ್ಪೇಲದ ಹೊಲವನ್ನೂ ಗುಹೆಯನ್ನೂ ಕೊಳ್ಳುತ್ತಾನೆ. ದೇವರ ಮಾತು ತನ್ನ ಪಾಲಿಗಿದ್ದರೂ ನೆರೆಯವನ ಹಕ್ಕು ಅದರಿಂದ ಅಳಿಯಲಿಲ್ಲವೆಂಬ ಅರಿವು ಈ ವ್ಯವಹಾರದಲ್ಲಿದೆ.

ಯಾಜಕಕಾಂಡದ 25ನೆಯ ಅಧ್ಯಾಯ ಇನ್ನೂ ಸ್ಪಷ್ಟ. ಭೂಮಿ ತನ್ನದೆಂದೂ, ಇಸ್ರಾಯೇಲ್ಯರು ತನ್ನ ಬಳಿ ತಂಗಿದ ಪರವಾಸಿಗಳೆಂದೂ, ಆದುದರಿಂದ ಅದನ್ನು ಶಾಶ್ವತವಾಗಿ ಮಾರಕೂಡದೆಂದೂ ದೇವರು ಅಲ್ಲಿ ವಿಧಿಸುತ್ತಾನೆ. 50ನೆಯ ವರ್ಷವಾದ ಜೂಬಿಲಿಯಲ್ಲಿ ಹೊಲವು ಮೂಲ ಕುಟುಂಬಕ್ಕೆ ಮರಳಬೇಕು. ಮಾರಾಟದ ಬೆಲೆಯನ್ನು ಅಲ್ಲಿಯವರೆಗೆ ಉಳಿದ ಬೆಳೆಗಳ ಲೆಕ್ಕದಲ್ಲಿ ಕಟ್ಟಬೇಕು. ಇದು ಕ್ರಯವಲ್ಲ, ಅವಧಿಯ ಭೋಗ್ಯವೆಂದು ಲೆಕ್ಕಪತ್ರ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ದೇವಾಲಯದ ಆಸ್ತಿಗೆ ಧರ್ಮದರ್ಶಿಗಳು ಹೇಗೋ, ಈ ನೆಲಕ್ಕೆ ಇಸ್ರಾಯೇಲ್ಯರು ಹಾಗೆ: ಪಾಲಿಸುವ ಅಧಿಕಾರವುಂಟು, ಒಡೆತನವಿಲ್ಲ, ಲೆಕ್ಕ ಒಪ್ಪಿಸುವ ಹೊಣೆ ತಪ್ಪದು.

ಆ ಲೆಕ್ಕವನ್ನು ಕೇಳಿದವರೇ ಪ್ರವಾದಿಗಳು. ಕ್ರಿ.ಪೂ. 8ನೆಯ ಶತಮಾನದ ಆಮೋಸನು, ಅಳತೆಯನ್ನು ಕಿರಿದುಮಾಡಿ ತಕ್ಕಡಿಯಲ್ಲಿ ಮೋಸವೆಸಗುವ ವರ್ತಕರನ್ನು ಹಳಿದು, ಇಂಥ ಜನ ತಮ್ಮ ನೆಲದಿಂದ ಸೆರೆಹೋಗುವರೆಂದನು. ಕ್ರಿ.ಪೂ. 722ರ ಸುಮಾರಿಗೆ ಸಮಾರ್ಯವು ಅಶ್ಶೂರದ ವಶವಾಯಿತು. ಪರದೇಶಿ, ಅನಾಥ, ವಿಧವೆಯರನ್ನು ಪೀಡಿಸದೆ, ನಿರ್ದೋಷಿಯ ರಕ್ತ ಸುರಿಸದೆ ನಡೆದರೆ ಮಾತ್ರ ಈ ನೆಲದಲ್ಲಿ ವಾಸವೆಂದು ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಸಾರಿದನು. ಯೆಹೆಜ್ಕೇಲನ 33ನೆಯ ಅಧ್ಯಾಯವಂತೂ ಇಂದಿನ ವಾದಕ್ಕೇ ಕೊಟ್ಟ ಉತ್ತರದಂತಿದೆ. ಕ್ರಿ.ಪೂ. 586ರ ಸುಮಾರಿಗೆ ಯೆರೂಸಲೇಮ್ ಬಾಬಿಲೋನಿನ ಕೈಗೆ ಬಿದ್ದ ಮೇಲೆ, ಹಾಳೂರುಗಳಲ್ಲಿ ಉಳಿದವರು ಹೊಸದೊಂದು ತರ್ಕ ಹೂಡಿದರು: ಒಬ್ಬನೇ ಆಗಿದ್ದ ಅಬ್ರಹಾಮನಿಗೆ ನೆಲ ದಕ್ಕಿದ್ದರೆ, ಹಲವರಾದ ತಮಗೆ ಅದು ದಕ್ಕದೆ ಹೋದೀತೇ? ಪ್ರವಾದಿಯ ಮರುಪ್ರಶ್ನೆ ಅವರ ನಡತೆಯನ್ನು ಕುರಿತದ್ದು. ಕತ್ತಿಯನ್ನೇ ನೆಚ್ಚಿ ರಕ್ತ ಹರಿಸುವವರು ನೆಲವನ್ನು ಪಡೆಯುವುದೆಂತು ಎಂದು ಅವನು ಕೇಳಿದನು. ವಾಗ್ದಾನವನ್ನು ಹಕ್ಕುಪತ್ರವಾಗಿ ಮುಂದೊಡ್ಡಿದವರನ್ನು ವಾಗ್ದಾನದ ಗ್ರಂಥವೇ ಅಲ್ಲಗಳೆದ ಪ್ರಸಂಗವಿದು.

ಹಾಗೆಂದು ಪ್ರವಾದಿಗಳು ಆಸೆಯನ್ನು ಕಿತ್ತುಕೊಂಡವರಲ್ಲ. ಆಮೋಸನ ಗ್ರಂಥವು, ಇನ್ನೆಂದೂ ಕಿತ್ತುಹಾಕದಂತೆ ಜನರನ್ನು ಸ್ವಂತ ನೆಲದಲ್ಲಿ ನೆಡುವ ಭರವಸೆಯಿಂದಲೇ ಮುಗಿಯುತ್ತದೆ. ಯೆಹೆಜ್ಕೇಲನು ಒಣಗಿದ ಎಲುಬುಗಳ ಕಣಿವೆಗೆ ಜೀವ ಬಂದುದನ್ನು ಕಾಣುತ್ತಾನೆ. ಶತಮಾನಗಳ ಕಾಲ ದೇಶದೇಶಗಳಲ್ಲಿ ಹಿಂಸೆ ಉಂಡ ಜನ ಈ ಮಾತುಗಳನ್ನು ನೆಚ್ಚಿ ಬದುಕಿದರು. ಅದನ್ನು ಹಗುರವಾಗಿ ಕಾಣುವುದು ನಿರ್ದಯತೆ. ಆದರೆ ಮರಳುವ ಬಗೆ ಯಾವುದು? ಯೆರೆಮೀಯನ 32ನೆಯ ಅಧ್ಯಾಯದಲ್ಲಿ ಯೆರೂಸಲೇಮಿಗೆ ಮುತ್ತಿಗೆ ಬಿದ್ದಿದೆ. ಪ್ರವಾದಿಯು ಕಾವಲುಗಾರರ ಅಂಗಳದಲ್ಲಿ ಬಂಧಿ. ಆಗ ಅವನು ಚಿಕ್ಕಪ್ಪನ ಮಗ ಹನಮೇಲನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡು, ಸಾಕ್ಷಿ ಹಾಕಿಸಿ, ಮೊಹರು ಮಾಡಿದ ಪತ್ರವನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ನಾಡೇ ಕೈತಪ್ಪುತ್ತಿರುವ ವೇಳೆಯಲ್ಲಿ ಬೆಲೆ ತೆತ್ತು ಕೊಂಡ ಈ ಹೊಲವೇ ಅವನ ಭವಿಷ್ಯವಾಣಿ. ಮುಂದೆಯೂ ಇಲ್ಲಿ ಹೊಲಗಳು ಹಣದಿಂದ, ಪತ್ರದಿಂದ, ಸಾಕ್ಷಿಯಿಂದಲೇ ಕೈಬದಲಾಗುವುವೆಂಬುದು ಅದರ ಸಾರ. ಯೆಹೆಜ್ಕೇಲನ 47ನೆಯ ಅಧ್ಯಾಯವು ಇನ್ನೂ ಮುಂದೆ ಹೋಗಿ, ನಾಡನ್ನು ಕುಲಗಳಿಗೆ ಹಂಚುವಾಗ ಅಲ್ಲಿ ನೆಲೆಸಿ ಮಕ್ಕಳನ್ನು ಪಡೆದ ಪರದೇಶಿಗಳಿಗೂ ಪಾಲು ಕೊಡಬೇಕೆಂದು ವಿಧಿಸುತ್ತದೆ.

ಗ್ರಂಥದ ಕಳಂಕವನ್ನೂ ಮರೆಮಾಚಬಾರದು. ಧರ್ಮೋಪದೇಶಕಾಂಡದ 7ನೆಯ ಅಧ್ಯಾಯವು ಕಾನಾನಿನ ಜನರನ್ನು ಕನಿಕರವಿಲ್ಲದೆ ನಿರ್ಮೂಲಗೊಳಿಸಲು ಆಜ್ಞಾಪಿಸುತ್ತದೆ. ಯೆಹೋಶುವನ ಗ್ರಂಥವು ಯೆರಿಕೋ ಪಟ್ಟಣದ ಮುದುಕರು, ಎಳೆಯರು, ಪಶುಗಳ ಸಂಹಾರವನ್ನು ವರ್ಣಿಸುತ್ತದೆ. 1950ರ ದಶಕದಲ್ಲಿ ಕ್ಯಾಥ್ಲೀನ್ ಕೆನ್ಯನ್ ನಡೆಸಿದ ಉತ್ಖನನವು ಈ ವರ್ಣನೆಯ ಐತಿಹಾಸಿಕತೆಯನ್ನು ಸಂದೇಹಕ್ಕೊಡ್ಡಿದೆ. ಆದರೆ ಅಷ್ಟರಿಂದ ದೋಷ ತೊಳೆದುಹೋಗದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನ ಕಥೆ ಬಲ್ಲವರಿಗೆ, ನಡೆಯದ ಕೊಲೆಯ ಸಂಕಲ್ಪವೂ ದೋಷವೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಧುನಿಕ ಕಾಲದಲ್ಲಿ, 1897ರಲ್ಲಿ ಬಾಸೆಲ್ ನಗರದಲ್ಲಿ ಸೇರಿದ ಮೊದಲ ಜಿಯೋನಿಸ್ಟ್ ಸಮ್ಮೇಳನವು ಕೇಳಿದ್ದು ಪ್ಯಾಲೆಸ್ಟೀನಿನಲ್ಲಿ ಕಾನೂನಿನ ರಕ್ಷಣೆಯುಳ್ಳ ನೆಲೆಯನ್ನು. ನಾಜಿಗಳು ಸುಮಾರು 60 ಲಕ್ಷ ಯಹೂದ್ಯರನ್ನು ಕೊಂದ ಬಳಿಕ, 1948ರ ಮೇ 14ರಂದು ಹೊರಟ ಇಸ್ರೇಲಿನ ಸ್ವಾತಂತ್ರ್ಯ ಘೋಷಣೆಯೂ ಸಹಜ ಮತ್ತು ಐತಿಹಾಸಿಕ ಹಕ್ಕನ್ನೂ ವಿಶ್ವಸಂಸ್ಥೆಯ ನಿರ್ಣಯವನ್ನೂ ಆಧಾರವಾಗಿ ಹೇಳಿತು. ಪ್ರವಾದಿಗಳನ್ನು ಅದು ನೆನೆದದ್ದು ಸ್ವಾತಂತ್ರ್ಯ, ನ್ಯಾಯ, ಶಾಂತಿಗಳ ಸಂದರ್ಭದಲ್ಲಿ. ಅದೇ ಯುದ್ಧಕಾಲದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. 1967ರಲ್ಲಿ ಜೋರ್ಡಾನ್ ನದಿಯ ಪಶ್ಚಿಮ ದಂಡೆ ಇಸ್ರೇಲಿನ ವಶವಾಯಿತು. 1974ರಲ್ಲಿ ಹುಟ್ಟಿದ ಗುಷ್ ಎಮುನಿಮ್ ಚಳವಳಿಯು ವಾಗ್ದಾನವನ್ನೇ ಮುಂದಿಟ್ಟು ಅಲ್ಲಿ ವಸತಿಗಳನ್ನು ಹೂಡಿತು. ಪರಜನರನ್ನು ಆಳುವುದು ಆಳುವವರನ್ನೇ ಕೆಡಿಸುವುದೆಂದು ಎಚ್ಚರಿಸಿದವರು ಸಂಪ್ರದಾಯನಿಷ್ಠ ಯಹೂದ್ಯ ಚಿಂತಕರಾದ ಯೆಶಯಾಹು ಲೈಬೊವಿಟ್ಸ್ (1903–1994). ಅವರ ಮಾತು ಪ್ರವಾದಿಗಳ ಪರಂಪರೆಯದೇ. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನರ ಹತ್ಯೆಯಾಯಿತು. ಬೆನ್ನಲ್ಲೇ ಗಾಜಾದಲ್ಲಿ ಹತ್ತಾರು ಸಾವಿರ ಜನ ಪ್ರಾಣ ಕಳೆದುಕೊಂಡರು. ಗ್ರಂಥವನ್ನು ಅರ್ಧ ಓದುವುದು ಪಂಡಿತರ ಪ್ರಮಾದವಾಗಿ ಮಾತ್ರ ಉಳಿಯುವುದಿಲ್ಲ.

ವಾಗ್ದಾನವು ಶಾಶ್ವತವೆಂದು ನಂಬುವವರು ನಂಬಲಿ. ಯಾವ ತಲೆಮಾರಿನ ವಾಸಕ್ಕೂ ಅದರ ನಡತೆಯ ಪರೀಕ್ಷೆಯಿಂದ ವಿನಾಯಿತಿಯನ್ನು ಪ್ರವಾದಿಗಳು ಕೊಟ್ಟಿಲ್ಲ. ಪತ್ರದ ಚಕ್ಕುಬಂದಿಯನ್ನು ಮಾತ್ರ ಗಟ್ಟಿಯಾಗಿ ಓದಿ ಕರಾರುಗಳ ಪುಟವನ್ನು ಮಡಿಸಿಡುವವನು ಆ ಪತ್ರಕ್ಕೇ ದ್ರೋಹ ಬಗೆದಂತೆ. ಆ ನೆಲದಲ್ಲಿ ಇಂದು ಎರಡು ಜನಾಂಗಗಳ ಮಕ್ಕಳು ಹುಟ್ಟುತ್ತಿದ್ದಾರೆ. ಅವರಿಬ್ಬರಿಗೂ ಪಾಲನ್ನು ಬರೆದಿಟ್ಟ ಅಧ್ಯಾಯ ಅದೇ ಗ್ರಂಥದಲ್ಲಿದೆ.