ಒಡಹುಟ್ಟಿದವಳ ಅನ್ನ

ಬಿ.ಸಿ. ರೋಡಿನಲ್ಲಿ ಬಸ್ ಇಳಿದು ಎರಡು ನಿಮಿಷ ನಡೆದರೆ ಸಿಗುವ ಡಿಟಿಪಿ ಅಂಗಡಿಯೊಂದರಲ್ಲಿ ನನ್ನ ಪ್ರಬಂಧಗಳೆಲ್ಲ ಟೈಪ್ ಆಗುವುದು. ಕಳೆದ ವರ್ಷ ವಿಚಾರ ಸಂಕಿರಣವೊಂದಕ್ಕೆ ಬರೆದ ಹನ್ನೊಂದು ಪುಟಗಳನ್ನು ಹತ್ತು ಪುಟ ಮಾಡಿಸಲು ಅಲ್ಲಿಗೆ ಹೋಗಿದ್ದೆ. ಸಂಘಟಕರಲ್ಲಿ ಒಬ್ಬರು ಹಿಂದಿನ ರಾತ್ರಿ ಫೋನ್ ಮಾಡಿ, ಏಳನೆಯ ಪುಟ ಬೇಡ, ಸುಮ್ಮನೆ ತೊಂದರೆ ಯಾಕೆ ಎಂದಿದ್ದರು. ಗದರಿಸಿದ್ದಲ್ಲ, ನನ್ನ ಒಳ್ಳೆಯದಕ್ಕೇ ಎಂಬ ಧಾಟಿಯಲ್ಲಿ ಹೇಳಿದ್ದು. ನಾನು ವಾದ ಮಾಡಲಿಲ್ಲ. ಟೈಪ್ ಮಾಡುವ ಹುಡುಗ ಮಾತ್ರ ಮೌಸ್ ಹಿಡಿದುಕೊಂಡೇ ಕೇಳಿದ: "ಇದು ಯಾಕಕ್ಕ ತೆಗೆಯುವುದು? ಇಡೀ ಲೇಖನದಲ್ಲಿ ಓದ್ಲಿಕ್ಕೆ ಇದ್ದದ್ದೇ ಇದು." ನಾನು ಏನೂ ಹೇಳಲಿಲ್ಲ. ದುಡ್ಡು ಕೊಟ್ಟು ಹೊರಡುವಾಗ ಅವನೇ ಹೇಳಿದ: "ಡಿಲೀಟ್ ಮಾಡ್ಲಿಲ್ಲ. ಬೇರೆ ಫೈಲ್ ಮಾಡಿ ಇಟ್ಟಿದ್ದೇನೆ. ಬೇಕಾದಾಗ ಹೇಳಿ."

ಆ ಏಳನೆಯ ಪುಟ ಈ ಲೇಖನದ ನಡುವೆ ಬರುತ್ತದೆ. ಅದಕ್ಕೆ ಮೊದಲು, ಅದನ್ನು ಉಳಿಸಿದವನ ಮಾತು ನನ್ನಲ್ಲಿ ಎಬ್ಬಿಸಿದ ಪ್ರಶ್ನೆಯೊಂದನ್ನು ಹೇಳಬೇಕು. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಾವು ಬರೆಯುವ ವಿಮರ್ಶೆ ಹೆಚ್ಚಾಗಿ ಇಬ್ಬರ ಕಥೆಯಾಗಿರುತ್ತದೆ. ಒಂದು ಕಡೆ ಲೇಖಕ. ಇನ್ನೊಂದು ಕಡೆ ಮಠ, ಅರಮನೆ, ಸರ್ಕಾರ ಅಥವಾ ಗುಂಪು. ಲೇಖಕ ಬಗ್ಗದಿದ್ದರೆ ಧೀರ, ಬಗ್ಗಿದರೆ ಹೇಡಿ. ಇವರಿಬ್ಬರ ನಡುವೆ ನಿಂತು ಬರವಣಿಗೆಯನ್ನು ದಾಟಿಸಿದ ಮೂರನೆಯವರು ನಮ್ಮ ಓದಿಗೆ ಕಾಣಿಸುವುದೇ ಇಲ್ಲ. ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಎಂಬ ಅಕ್ಕಪಕ್ಕದ ಮೂರು ಊರುಗಳ ಕೆಲವು ಪ್ರಸಂಗಗಳನ್ನು ಆ ಮೂರನೆಯವರ ಕಡೆಯಿಂದ ಓದಿದರೆ ಏನು ಕಾಣುತ್ತದೆ ಎಂದು ಇಲ್ಲಿ ನೋಡುತ್ತಿದ್ದೇನೆ.

ಮೂಡುಬಿದಿರೆಯಿಂದ ಶುರುಮಾಡುತ್ತೇನೆ. 16ನೇ ಶತಮಾನದ ರತ್ನಾಕರವರ್ಣಿ 'ಭರತೇಶ ವೈಭವ'ವನ್ನು ಸಾಂಗತ್ಯದಲ್ಲಿ ಬರೆದ ಕವಿ. ಅವನ ಬದುಕಿನ ಬಗ್ಗೆ ನಮಗೆ ಗೊತ್ತಿರುವ ಕಥೆಯ ಬಹುಪಾಲು ಸುಮಾರು ಮೂರು ಶತಮಾನಗಳ ನಂತರ ದೇವಚಂದ್ರ ಬರೆದ 'ರಾಜಾವಳಿ ಕಥೆ'ಯಿಂದ ಬಂದದ್ದು. ಕಾವ್ಯವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಬೇಕೆಂದು ಕವಿ ಬಯಸಿದ. ಕೆಲವು ಪದ್ಯಗಳು ಶಾಸ್ತ್ರಕ್ಕೆ ಹೊಂದುವುದಿಲ್ಲವೆಂದು ಗುರುಗಳು ಒಪ್ಪಲಿಲ್ಲ. ಜಗಳ ಬೆಳೆದು, ಶ್ರಾವಕರ ಮನೆಗಳಲ್ಲಿ ಅವನಿಗೆ ಊಟ ಸಿಗದಂತೆ ಕಟ್ಟು ಮಾಡಲಾಯಿತು. ಆಗ ಅವನು ಒಡಹುಟ್ಟಿದವಳ ಮನೆಯಲ್ಲಿ ಉಣ್ಣುತ್ತಿದ್ದ. ಮುಂದೆ ಮತ ಬಿಟ್ಟು ವೀರಶೈವನಾದ, ಮತ್ತೆ ಮರಳಿ ಬಂದ ಎನ್ನುತ್ತದೆ ಕಥೆ.

ಇದು ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆಗೆ ನಮ್ಮಲ್ಲಿ ಸಾಕಷ್ಟು ಶಾಯಿ ಖರ್ಚಾಗಿದೆ. ಕವಿಯ ಮುಂಗೋಪ, ಪ್ರಣಯ, ಮತಾಂತರಗಳ ಬಗ್ಗೆಯೂ ಬರೆದಿದ್ದೇವೆ. ಆ ಸಹೋದರಿಗೆ ಮಾತ್ರ ಅರ್ಧ ವಾಕ್ಯಕ್ಕಿಂತ ಹೆಚ್ಚಿಗೆ ಸಿಕ್ಕಿದ್ದನ್ನು ನಾನು ಓದಿಲ್ಲ. ಐತಿಹ್ಯವೆಂದೇ ಇಟ್ಟುಕೊಳ್ಳೋಣ. ಆಗಲೂ, ಈ ಕಥೆಯನ್ನು ಕಟ್ಟಿ ಹೇಳಿಕೊಂಡು ಬಂದ ಜನರಿಗೆ ಒಂದು ವಿಷಯ ಗೊತ್ತಿತ್ತು: ಕವಿಯ ಬಾಯಿ ಕಟ್ಟಬೇಕಾದರೆ ಓಲೆಗರಿಯನ್ನು ಸುಡಬೇಕಾಗಿಲ್ಲ, ಅನ್ನ ತಪ್ಪಿಸಿದರೆ ಸಾಕು. ಕಟ್ಟು ಮುರಿದು ಅನ್ನ ಬಡಿಸಿದವಳು ಕಾವ್ಯವನ್ನು ಓದಿದ್ದಳೋ ಇಲ್ಲವೋ, ಆ ಪದ್ಯಗಳು ಸರಿ ಎಂದಳೋ ತಪ್ಪು ಎಂದಳೋ, ಕಥೆ ಹೇಳುವುದಿಲ್ಲ. ಅವಳು ಮಾಡಿದ್ದು ದಿನಾ ಮಾಡುತ್ತಿದ್ದ ಕೆಲಸವನ್ನೇ. ಊರು ಬೇಡವೆಂದ ಮೇಲೂ ಅದನ್ನು ಮಾಡಿದಳು, ಅಷ್ಟೆ.

ಅದೇ ಮೂಡುಬಿದಿರೆಯ ಇನ್ನೊಂದು ಕಥೆಗೆ ದಾಖಲೆಯ ಬಲವಿದೆ. ದಿಗಂಬರ ಜೈನರ ಅತ್ಯಂತ ಪೂಜ್ಯ ಗ್ರಂಥವಾದ ಷಟ್ಖಂಡಾಗಮ ಮತ್ತು ಅದಕ್ಕೆ ವೀರಸೇನಾಚಾರ್ಯರು 9ನೇ ಶತಮಾನದಲ್ಲಿ ಬರೆದ 'ಧವಲಾ' ಟೀಕೆ ಉಳಿದುಕೊಂಡದ್ದು ಇಲ್ಲಿಯ ಗುರು ಬಸದಿಯ ತಾಡವೋಲೆಗಳಲ್ಲಿ, ಹಳಗನ್ನಡ ಲಿಪಿಯಲ್ಲಿ. ಆ ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೂ ಈ ಗ್ರಂಥಗಳಿಂದಲೇ. ಶತಮಾನಗಳ ಕಾಲ ಅವು ದರ್ಶನಕ್ಕಿದ್ದವು, ಓದಿಗಲ್ಲ. 19ನೇ ಶತಮಾನದ ಕೊನೆಗೆ ಮುಂಬಯಿ, ಸೊಲ್ಲಾಪುರಗಳ ಜೈನ ವರ್ತಕರ ಒತ್ತಾಯ ಮತ್ತು ಹಣದಿಂದ ನಕಲು ಮಾಡುವ ಕೆಲಸ ಆರಂಭವಾಯಿತು. ಆದರೆ ಆ ಪ್ರತಿಯೂ ಊರು ಬಿಟ್ಟು ಹೋಗುವ ಹಾಗಿರಲಿಲ್ಲ. ನಕಲುಗಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯ ನೆರವಿನಿಂದ ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು, ಕನ್ನಡ ಲಿಪಿಯಲ್ಲಿ. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. ಅಲ್ಲಿ ನಾಗರಿಗೆ ಇಳಿಸಿದ ಪಂಡಿತರೂ ತಮಗೊಂದು ಪ್ರತಿ ಗುಟ್ಟಾಗಿ ಉಳಿಸಿಕೊಂಡರು. ಹೀಗೆ ಕೈಯಿಂದ ಕೈಗೆ ದಾಟಿದ ಪ್ರತಿಗಳಿಂದ ಹೀರಾಲಾಲ್ ಜೈನ್ ಅವರು 1939ರಲ್ಲಿ ಮೊದಲ ಸಂಪುಟ ಅಚ್ಚು ಮಾಡಿಸಿದರು. 1958ರ ಹೊತ್ತಿಗೆ 16 ಸಂಪುಟಗಳು ಮುಗಿದವು. ಮುಂದಿನ ಹಂತದಲ್ಲಿ ಮೂಲ ಓಲೆಗಳೊಂದಿಗೆ ಪಾಠ ಹೋಲಿಸಲು ಮೂಡುಬಿದಿರೆಯೂ ನೆರವಾಯಿತು.

ಇಲ್ಲಿ ಯಾರನ್ನೂ ಖಳರನ್ನಾಗಿಸುವ ಅಗತ್ಯ ಇಲ್ಲ. ಓಲೆಗಳು ಉಳಿದದ್ದೇ ಬಸದಿಯವರು ಅಷ್ಟು ಬಿಗಿಯಾಗಿ ಕಾದದ್ದರಿಂದ. ಗುಟ್ಟಾಗಿ ನಕಲು ಮಾಡಿದವರು ಅದಕ್ಕೆ ಪ್ರತಿಫಲ ಪಡೆದವರು, ಕೊಟ್ಟ ಮಾತು ಮುರಿದವರು. ಆದರೂ ಆ ಗ್ರಂಥ ಇವತ್ತು ಪುಸ್ತಕದಂಗಡಿಯಲ್ಲಿ ಸಿಗುವುದು ಅವರಿಂದ. ಲಕ್ಷ್ಮೀಬಾಯಿಯನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಚರಿತ್ರೆಯಲ್ಲಿ ಎಲ್ಲಿ ಕೂರಿಸುವುದು? ಅವಳು ಬರೆದದ್ದು ಇನ್ನೊಬ್ಬರ ಮಾತನ್ನು. ಆದರೆ ಬರೆಯುವವರಿಗೆ ಮಾತನಾಡುವ ಹಕ್ಕು ಇದ್ದ ಹಾಗೆ ಓದುವವರಿಗೆ ತಿಳಿಯುವ ಹಕ್ಕೂ ಇದೆ, ಎರಡೂ ಒಂದೇ ಸ್ವಾತಂತ್ರ್ಯದ ಎರಡು ಮಗ್ಗುಲು ಎಂದು ಒಪ್ಪಿದರೆ, ಅವಳ ಜಾಗ ನಡುಮನೆಯಲ್ಲೇ.

ನಕಲು ಮಾಡುವ ಕೈಗಳ ಈ ಕಥೆ ನಮ್ಮ ಊರಿಗಷ್ಟೇ ಸೀಮಿತವಲ್ಲ. ಸೋಲ್ಜೆನಿತ್ಸಿನ್ ಸೋವಿಯತ್ ಶ್ರಮ ಶಿಬಿರಗಳ ಬಗ್ಗೆ ಬರೆದ 'ಗುಲಾಗ್ ಆರ್ಕಿಪೆಲಗೊ' ಹಸ್ತಪ್ರತಿಯನ್ನು ಟೈಪ್ ಮಾಡಿದ ಲೆನಿನ್‌ಗ್ರಾಡಿನ ಎಲಿಜವೆಟಾ ವೊರೊನ್ಯಾನ್‌ಸ್ಕಾಯಾ ಅದರ ಒಂದು ಪ್ರತಿ ಉಳಿಸಿಕೊಂಡಿದ್ದರು. 1973ರಲ್ಲಿ ಗುಪ್ತಚರ ಪೊಲೀಸರು ವಿಚಾರಿಸಿ ಪ್ರತಿ ಇರುವ ಜಾಗ ತಿಳಿದುಕೊಂಡರು; ಕೆಲವೇ ದಿನಗಳಲ್ಲಿ ಆಕೆ ಸತ್ತರು. ಸಲ್ಮಾನ್ ರಶ್ದಿಯವರ ಕಾದಂಬರಿಯನ್ನು ಜಪಾನಿಗೆ ಅನುವಾದಿಸಿದ ಪ್ರಾಧ್ಯಾಪಕ ಹಿತೋಶಿ ಇಗರಾಶಿ 1991ರಲ್ಲಿ ತಮ್ಮ ವಿಶ್ವವಿದ್ಯಾಲಯದಲ್ಲೇ ಕೊಲೆಯಾದರು. ಅದೇ ಕಾದಂಬರಿಯ ನಾರ್ವೆ ಪ್ರಕಾಶಕ ವಿಲಿಯಂ ನ್ಯೂಗೋರ್ ಮೇಲೆ 1993ರಲ್ಲಿ ಗುಂಡು ಹಾರಿಸಲಾಯಿತು. ಅವರು ಬದುಕಿ ಉಳಿದರು. 1921ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಪೆನ್' ಸಂಸ್ಥೆಯ ಹೆಸರು ಕವಿ, ಪ್ರಬಂಧಕಾರ, ಕಾದಂಬರಿಕಾರರಂಥವರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳಿಂದ ಆದದ್ದು. ಅನುವಾದಕರಿಗೂ ಪತ್ರಕರ್ತರಿಗೂ ಅದರ ಬಾಗಿಲು ಮುಂದೆ ತೆರೆಯಿತು. ಟೈಪ್ ಮಾಡುವವರಿಗೆ ಮಾತ್ರ ಯಾವ ಹೆಸರಿನಲ್ಲೂ ಅಕ್ಷರವಿಲ್ಲ.

ಈಗ ಆ ಏಳನೆಯ ಪುಟ. ಅದು ಬೆಳ್ತಂಗಡಿ ತಾಲೂಕಿನ ಕುತ್ಲೂರಿನದು.

ಕುತ್ಲೂರು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸೆರಗಿನ ಊರು. ಅಲ್ಲಿಯ ಮಲೆಕುಡಿಯ ಸಮುದಾಯದ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಗ, 2012ರ ಮಾರ್ಚಿನಲ್ಲಿ, ಅವರನ್ನೂ ತಂದೆ ಲಿಂಗಪ್ಪರನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ಜೊತೆಗೆ ರಾಜದ್ರೋಹದ ಆರೋಪವೂ ಇತ್ತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕ, ಪತ್ರಿಕೆಗಳಿಂದ ಕತ್ತರಿಸಿಟ್ಟ ತುಣುಕುಗಳು, ಊರಿಗೆ ಮೂಲಸೌಕರ್ಯ ಸಿಗುವ ತನಕ ಚುನಾವಣೆ ಬಹಿಷ್ಕರಿಸಬೇಕೆನ್ನುವ ಪತ್ರ ಇದ್ದವು. ವಿದ್ಯಾರ್ಥಿಗೆ ಕೈಕೋಳ ಹಾಕಿ ಪರೀಕ್ಷೆಗೆ ಕರೆತಂದದ್ದು ಆಗ ದೊಡ್ಡ ಸುದ್ದಿಯಾಗಿತ್ತು. 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯ ತಂದೆ ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಅಷ್ಟರಲ್ಲಿ ವಿಠಲ ಪತ್ರಕರ್ತರಾಗಿದ್ದರು. ನಡುವೆ ಒಂಬತ್ತೂವರೆ ವರ್ಷ ಕಳೆದಿತ್ತು.

ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಈ ಪ್ರಕರಣ ಎರಡು ಓದುಗಳ ಹಾಗೆ ಕಾಣುತ್ತದೆ. ತನಿಖೆಯವರ ಓದು ಹೆಸರಿನಿಂದ ಶುರುವಾಗಿ ಹೆಸರಿನಲ್ಲೇ ಮುಗಿಯುತ್ತದೆ. ಯಾವ ಪುಸ್ತಕ, ಯಾರದು, ಯಾರ ಬಳಿ ಸಿಕ್ಕಿತು? ಮಹಜರಿನಲ್ಲಿ ಪುಸ್ತಕಕ್ಕೆ ಒಂದು ಸಂಖ್ಯೆ ಬೀಳುತ್ತದೆ, ಆಮೇಲೆ ಅದರೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಪತ್ರಿಕೋದ್ಯಮದ ವಿದ್ಯಾರ್ಥಿ ಪತ್ರಿಕೆ ಕತ್ತರಿಸಿಡುವುದು ಹೋಟೆಲಿನವನು ಸೌಟು ಇಟ್ಟುಕೊಂಡ ಹಾಗೆ. ಅದು ಅವನ ಕೆಲಸದ ಸಾಮಾನು. ನ್ಯಾಯಾಲಯ ಮಾಡಿದ್ದು ಎರಡನೆಯ ಓದು. ಭಗತ್ ಸಿಂಗ್ ಪುಸ್ತಕವನ್ನಾಗಲಿ ಪತ್ರಿಕಾ ತುಣುಕುಗಳನ್ನಾಗಲಿ ಇಟ್ಟುಕೊಳ್ಳಬಾರದೆಂದು ಕಾನೂನು ಹೇಳುವುದಿಲ್ಲ, ಪತ್ರದಲ್ಲಿರುವುದು ಸ್ಥಳೀಯರ ಬೇಡಿಕೆಗಳು ಎಂದಿತು. ವಿಮರ್ಶೆಯ ಭಾಷೆಯಲ್ಲಿ ಹೇಳುವುದಾದರೆ, ತನಿಖೆಯವರು ಪ್ರಕಾರವನ್ನೇ ತಪ್ಪಾಗಿ ಹಿಡಿದಿದ್ದರು. ಆ ಪತ್ರದ ಪ್ರಕಾರ 'ಮನವಿ'. ಅದನ್ನು ಅವರು 'ಸಂಚು' ಎಂದು ಓದಿದರು. ನ್ಯಾಯಾಲಯ ಪತ್ರಕ್ಕೆ ಅದರ ಪ್ರಕಾರವನ್ನು ಮರಳಿ ಕೊಟ್ಟಿತು.

ಮೂರನೆಯವರು ಇಲ್ಲಿಯೂ ಇದ್ದಾರೆ. ಪ್ರಕರಣ ನಡೆಸಿದ ವಕೀಲ ದಿನೇಶ್ ಹೆಗ್ಡೆ ಉಳೇಪಾಡಿ, ಬೆನ್ನಿಗೆ ನಿಂತ ಮುನೀರ್ ಕಾಟಿಪಳ್ಳರಂಥ ಯುವಜನ ಸಂಘಟನೆಯವರು, ಕೈಕೋಳದ ಸುದ್ದಿಯನ್ನು ಬರೆದ ವರದಿಗಾರರು, ಕೊನೆಗೆ ಕಾಗದಗಳನ್ನು ನಿಜವಾಗಿ ಓದಿ ನೋಡಿದ ನ್ಯಾಯಾಧೀಶರು. ಇವರೆಲ್ಲ ಒಂದೇ ವಿಚಾರದವರಲ್ಲ, ಆಗಬೇಕಾಗಿಯೂ ಇಲ್ಲ. ಒಂದು ಪುಸ್ತಕ ಪುಸ್ತಕವಾಗಿಯೇ ಉಳಿಯಬೇಕಾದರೆ ಇಷ್ಟು ಬಗೆಯ ಕೆಲಸದವರು ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡಬೇಕಾಗುತ್ತದೆ.

ಏಳನೆಯ ಪುಟ ಇಲ್ಲಿಗೆ ಮುಗಿಯುತ್ತಿತ್ತು. ಇವತ್ತು ಅದಕ್ಕೆ ಇನ್ನೊಂದು ಮಾತು ಸೇರಿಸಬೇಕೆನಿಸುತ್ತದೆ. ಮಹಜರಿನ ಓದು ಪೊಲೀಸರದ್ದು ಮಾತ್ರವಲ್ಲ. ಹೊಸ ಪುಸ್ತಕ ಕೈಗೆ ಬಂದಾಗ ಲೇಖಕರ ಅಡ್ಡಹೆಸರು, ಪ್ರಕಾಶಕರು, ಮುನ್ನುಡಿ ಬರೆದವರು ಯಾರೆಂದು ನೋಡಿ, ಒಳಗೆ ಏನಿದೆ ಎಂಬುದನ್ನು ಓದುವ ಮೊದಲೇ ತೀರ್ಮಾನಿಸಿಬಿಡುವ ಚಟ ನಮಗೂ ಇದೆ. ನಾನೂ ಹಾಗೆ ಮಾಡಿದ್ದೇನೆ.

ಕೊನೆಗೆ ಬಂಟ್ವಾಳ, ನನ್ನ ತಾಲೂಕು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯಲ್ಲಿ ಎಂ.ಎಂ. ಕಲಬುರ್ಗಿಯವರ ಕೊಲೆಯಾಯಿತು. ಆಗ ಬಂಟ್ವಾಳದ ಒಬ್ಬ ಯುವಕ ಆ ಸಾವನ್ನು ಸಂಭ್ರಮಿಸಿ, ಮುಂದಿನ ಸರದಿ ಕೆ.ಎಸ್. ಭಗವಾನ್ ಅವರದು ಎಂಬರ್ಥದಲ್ಲಿ ಟ್ವಿಟರಿನಲ್ಲಿ ಬರೆದ. ಪೊಲೀಸರು ಅವನನ್ನು ಬಂಧಿಸಿದರು. ಅತಿಥಿ ಉಪನ್ಯಾಸಕಿಯಾಗಿ ನಾನು ಪಾಠ ಮಾಡುವ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಹಾಗಾದ್ರೆ ಅವನು ಬರೆದದ್ದು ಕೂಡ ಅಭಿವ್ಯಕ್ತಿಯೇ ಅಲ್ವಾ ಮೇಡಂ? ಕುತ್ಲೂರಿನವರಿಗೆ ಒಂದು ನ್ಯಾಯ, ಇವನಿಗೆ ಒಂದು ನ್ಯಾಯವಾ?"

ನ್ಯಾಯವಾದ ಪ್ರಶ್ನೆ. ಸಂವಿಧಾನದ 19ನೇ ವಿಧಿ ಮಾತಿನ ಹಕ್ಕನ್ನೂ ಅದಕ್ಕೆ ಹಾಕಬಹುದಾದ ಮಿತಿಗಳನ್ನೂ ಒಟ್ಟಿಗೇ ಹೇಳುತ್ತದೆ ಎಂದಷ್ಟೇ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಉತ್ತರವನ್ನು ಓದಿನಲ್ಲೇ ಹುಡುಕಬೇಕೆನಿಸಿತು. ಕುತ್ಲೂರಿನ ಪತ್ರ ಕಟುವಾದದ್ದು, ಮತ ಹಾಕುವುದಿಲ್ಲ ಎನ್ನುತ್ತದೆ. ಆದರೂ ಅದು ಉತ್ತರ ಕೇಳುತ್ತಿದೆ: ರಸ್ತೆ ಕೊಡಿ, ಕರೆಂಟು ಕೊಡಿ, ಆಮೇಲೆ ಮಾತನಾಡೋಣ. 'ಮುಂದಿನ ಸರದಿ ನಿನ್ನದು' ಎನ್ನುವ ಸಾಲಿಗೆ ಉತ್ತರ ಬೇಕಾಗಿಲ್ಲ. ಉತ್ತರ ಕೊಡುವವರೇ ಇಲ್ಲವಾಗಲಿ ಎಂಬುದು ಅದರ ಆಸೆ. ಎದುರಿನವರಿಗೆ ಮರುಮಾತಿನ ಜಾಗ ಬಿಡುವ ಮಾತು, ಎಷ್ಟೇ ಒರಟಾಗಿರಲಿ, ಎಷ್ಟೇ ತಪ್ಪಾಗಿರಲಿ, ಕಾಯಬೇಕಾದ ಮಾತು. ಆ ಯುವಕ ಕಲಬುರ್ಗಿಯವರ ವಿಚಾರಗಳನ್ನು ಖಂಡಿಸಿ ಹತ್ತು ಪುಟ ಬರೆದಿದ್ದರೆ, ಅದನ್ನು ಯಾರಾದರೂ ಕಿತ್ತು ಹಾಕಲು ಬಂದಾಗ ತಡೆಯುವುದೂ ನನ್ನ ಕೆಲಸವೇ ಆಗುತ್ತಿತ್ತು. ವಿದ್ಯಾರ್ಥಿನಿ ಪೂರ್ತಿ ಒಪ್ಪಿದಳು ಎನ್ನಲಾರೆ. ಆದರೆ ಆ ದಿನ ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ಚರ್ಚೆ ನಡೆಯಿತು.

ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಎಂ.ಎ. ತನಕ ಓದಿಸಿದರು. ನಾನು ಏನು ಬರೆಯುತ್ತೇನೆಂದು ಅವರು ಕೇಳಿದವರಲ್ಲ. ಏಳನೆಯ ಪುಟ ತೆಗೆದ ರಾತ್ರಿ ಮಾತ್ರ, ಮುಖ ಯಾಕೆ ಹಾಗಿದೆ ಎಂದು ಕೇಳಿ ಊಟ ಬಡಿಸಿದರು. ಇಂಥವರಿಗೆ ನಮ್ಮ ಸಂಶೋಧನಾ ಪ್ರಬಂಧಗಳಲ್ಲಿ ಇರುವುದು ಒಂದೇ ಜಾಗ: ಶುರುವಿನ ಕೃತಜ್ಞತೆಯ ಪುಟ. ಮಾರ್ಗದರ್ಶಕರು, ಗ್ರಂಥಪಾಲಕರು, ಅಪ್ಪ ಅಮ್ಮ, ಕೊನೆಯ ಸಾಲಿನಲ್ಲಿ 'ಅಚ್ಚುಕಟ್ಟಾಗಿ ಡಿಟಿಪಿ ಮಾಡಿಕೊಟ್ಟವರು'. ಆ ಪುಟವನ್ನು ಯಾರೂ ವಿಮರ್ಶೆಯೆಂದು ಓದುವುದಿಲ್ಲ. ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯವನ್ನು ಈಗ ಆ ಪುಟದಿಂದ ಶುರುಮಾಡಿ ಬರೆಯುತ್ತಿದ್ದೇನೆ. ರತ್ನಾಕರನ ಸಹೋದರಿ, ಲಕ್ಷ್ಮೀಬಾಯಿ, ಕುತ್ಲೂರಿನ ಪ್ರಕರಣ ಅದರಲ್ಲಿ ಬರುತ್ತವೆ. ಕರಡು ಟೈಪ್ ಮಾಡಿಸಲು ಮೊನ್ನೆ ಬಿ.ಸಿ. ರೋಡಿಗೆ ಹೋಗಿ, ಆ ಹಳೆಯ ಫೈಲ್ ಇದೆಯಾ ಎಂದು ಕೇಳಿದೆ. ಹುಡುಗ ತಲೆಯೆತ್ತದೆ ಹುಡುಕಿ ತೆಗೆದ. ಫೈಲಿಗೆ ಅವನು ಇಟ್ಟಿದ್ದ ಹೆಸರು: 'ಅಕ್ಕನದ್ದು, ತೆಗೆಯಬಾರದು'.