ಪುಸ್ತಕ ತ್ರೋವದಲ್ಲಿ, ವಾಕ್ಯ ನಾಲಿಗೆಯಲ್ಲಿ

ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಇರುವುದು ನಾಲ್ಕೇ ಅಧ್ಯಾಯ, 83 ವಚನ. ಕೂತಲ್ಲೇ ಓದಿ ಮುಗಿಸಬಹುದು. ಅಪೊಸ್ತಲ ಪೌಲನು ರೋಮಿನ ಸೆರೆಯಲ್ಲಿ, ಸಾವು ಎದುರಿಗೆ ನಿಂತಿದ್ದಾಗ ಬರೆದ ಕೊನೆಯ ಪತ್ರವಿದು ಎಂದು ಸಭೆಯ ಪರಂಪರೆ ಹೇಳುತ್ತದೆ. ನೀರೋ ಚಕ್ರವರ್ತಿಯ ಕಾಲ, ಕ್ರಿ.ಶ. 60ರ ದಶಕ. ಸಭೆಯನ್ನು ನಡೆಸುವವನು ಹೇಗಿರಬೇಕು, ಶಾಸ್ತ್ರ ಅವನೊಳಗೆ ಹೇಗೆ ಬೇರುಬಿಟ್ಟಿರಬೇಕು ಎಂಬುದನ್ನು ಇಷ್ಟು ಆಪ್ತವಾಗಿ ಹೇಳಿದ ಬರಹ ನನಗೆ ಬೇರೊಂದು ಸಿಕ್ಕಿಲ್ಲ. ದೊಡ್ಡ ಬೋಧನೆ, ಸಣ್ಣ ಮನೆಮಾತು ಎರಡೂ ಇಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ.

ಪತ್ರ ಶುರುವಾಗುವುದೇ ಒಂದು ಮನೆಯ ನೆನಪಿನಿಂದ. ತಿಮೊಥೆಯನ ನಂಬಿಕೆ ಎಲ್ಲಿಂದ ಬಂತೆಂದು ಹೇಳುವಾಗ ಪೌಲ ಅವನ ಅಜ್ಜಿ ಲೋವಿಯನ್ನೂ ತಾಯಿ ಯೂನಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾನೆ. ಇವರು ಈಗಿನ ಟರ್ಕಿಯ ಒಳನಾಡಿನಲ್ಲಿದ್ದ ಲುಸ್ತ್ರದ ಕಡೆಯವರು. ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಎಫೆಸದಂಥ ದೊಡ್ಡ ಪಟ್ಟಣದ ಸಭೆಯ ಹೊಣೆ ಹೊತ್ತ ಶಿಷ್ಯನಿಗೆ ಗುರು ಮೊದಲು ನೆನಪಿಸುವುದು ಅವನ ಅಜ್ಜಿಯನ್ನು! ಸಂಜೆ ಪ್ರಾರ್ಥನೆಗೆ ಮನೆಮಂದಿಯೆಲ್ಲ ಕೂತು, ಅಜ್ಜಿ ಹೇಳಿಕೊಟ್ಟ ವಾಕ್ಯವನ್ನು ಒಪ್ಪಿಸಿ ಬೆಳೆದ ನಮ್ಮ ಕನ್ನಡದ ಕ್ರೈಸ್ತ ಮನೆಗಳವರಿಗೆ ಈ ಮಾತಿನ ಬಿಸುಪನ್ನು ಯಾರೂ ವಿವರಿಸಬೇಕಾಗಿಲ್ಲ.

ಮೂರನೆಯ ಅಧ್ಯಾಯದ 16ನೇ ವಚನ ಎಲ್ಲರಿಗೂ ಗೊತ್ತು. ಶಾಸ್ತ್ರ ದೇವರಿಂದ ಬಂದದ್ದೆಂದೂ, ಕಲಿಸುವುದಕ್ಕೆ, ತಪ್ಪು ತೋರಿಸುವುದಕ್ಕೆ, ತಿದ್ದುವುದಕ್ಕೆ, ನೀತಿಯಲ್ಲಿ ಪಳಗಿಸುವುದಕ್ಕೆ ಒದಗುವುದೆಂದೂ ಅದು ಹೇಳುತ್ತದೆ. ಅದರ ಹಿಂದಿನ ಎರಡು ವಚನಗಳಲ್ಲೂ ಸ್ವಲ್ಪ ಹೊತ್ತು ನಿಲ್ಲಬೇಕು. ನೀನು ಏನನ್ನು ಕಲಿತೆ ಎನ್ನುವುದರ ಜೊತೆಗೆ ಯಾರಿಂದ ಕಲಿತೆ ಎನ್ನುವುದನ್ನೂ ನೆನಪಿಟ್ಟುಕೋ ಎನ್ನುತ್ತಾನೆ ಪೌಲ. ವಾಕ್ಯವನ್ನು ಕಲಿಸಿದವರ ಬದುಕು ಆ ವಾಕ್ಯಕ್ಕೆ ಸಾಕ್ಷಿಯಾಗಿ ನಿಂತಿದೆ. ಕಲಿತವನೂ ಅದನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ. ಪೌಲನಿಂದ ತಿಮೊಥೆಯನಿಗೆ, ಅವನಿಂದ ನಂಬಿಗಸ್ತರಿಗೆ, ಅವರಿಂದ ಮತ್ತೊಬ್ಬರಿಗೆ, ಹೀಗೆ ನಾಲ್ಕು ತಲೆಮಾರಿನ ಕೈಬದಲನ್ನು ಎರಡನೆಯ ಅಧ್ಯಾಯ ಒಂದೇ ವಚನದಲ್ಲಿ ಹೇಳಿಬಿಡುತ್ತದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನಾಲ್ಕನೆಯ ಅಧ್ಯಾಯ. ಊರುಗಳು, ವ್ಯಕ್ತಿಗಳ ಹೆಸರು, ವಂದನೆ ಎಂದು ಅವಸರದಲ್ಲಿ ದಾಟಿಹೋಗುವ ಭಾಗ ಅದು. ದೇಮ ಬಿಟ್ಟುಹೋಗಿದ್ದಾನೆ, ಜೊತೆಗೆ ಉಳಿದವನು ಲೂಕನೊಬ್ಬನೇ. ಏಗಿಯನ್ ಸಮುದ್ರದ ದಡದ ತ್ರೋವ ಎಂಬ ಊರಲ್ಲಿ, ಕರ್ಪನೆಂಬವನ ಬಳಿ ಬಿಟ್ಟುಬಂದ ಮೇಲಂಗಿಯನ್ನು ತರಬೇಕೆಂದು ಪೌಲ ಬರೆಯುತ್ತಾನೆ. ಪುಸ್ತಕಗಳೂ ಬೇಕು, ಅದರಲ್ಲೂ ಚರ್ಮದ ಹಾಳೆಗಳು ಬೇಕೇ ಬೇಕು. ಚಳಿಗಾಲ ಬರುವಷ್ಟರಲ್ಲಿ ಬಂದು ಸೇರೆಂದೂ ಕೇಳಿಕೊಳ್ಳುತ್ತಾನೆ. ಚಳಿಗಾಲದ ತಿಂಗಳುಗಳಲ್ಲಿ ಆ ಕಡಲಿನ ಹಡಗು ಸಂಚಾರ ಹೆಚ್ಚುಕಡಿಮೆ ನಿಂತೇಹೋಗುತ್ತಿತ್ತು. ತಡವಾದರೆ ಮತ್ತೆ ಭೇಟಿಯಾಗುವ ನೆಚ್ಚಿಕೆಯಿಲ್ಲ. ತನ್ನ ಓಟ ಮುಗಿಯಿತೆಂದು ಕೆಲವೇ ವಚನಗಳ ಹಿಂದೆ ಬರೆದವನಿಗೆ ಇನ್ನೂ ಓದುವುದು ಬಾಕಿಯಿದೆ. ಇಷ್ಟು ಕಲಿಸಿದವನು ಕೊನೆಯವರೆಗೂ ವಿದ್ಯಾರ್ಥಿಯಾಗಿಯೇ ಉಳಿದಿದ್ದಾನೆ.

ಆ ಪುಸ್ತಕಗಳು ಕೈಯಲ್ಲಿಲ್ಲದಾಗಲೂ ಪೌಲನ ಬಾಯಲ್ಲಿ ಯಾವ ಮಾತು ಬರುತ್ತದೆ, ನೋಡಿ. ಮೊದಲ ವಿಚಾರಣೆಯಲ್ಲಿ ಯಾರೂ ತನ್ನ ಪಕ್ಕ ನಿಲ್ಲಲಿಲ್ಲ, ಆದರೂ ಕರ್ತನು ನಿಂತನು, ಸಿಂಹದ ಬಾಯಿಂದ ತನ್ನನ್ನು ಪಾರುಮಾಡಿದನು ಎನ್ನುತ್ತಾನೆ. ಕೈಬಿಡಲ್ಪಟ್ಟವನ ಅಳಲು, ಸಿಂಹದ ಬಾಯಿ, ಬಿಡುಗಡೆ, ಇವೆಲ್ಲ 22ನೇ ಕೀರ್ತನೆಯಲ್ಲಿ ಇರುವಂಥವು. ತನಗೆ ಬಹಳ ಕೇಡು ಮಾಡಿದ ಕಂಚುಗಾರ ಅಲೆಕ್ಸಾಂದರನ ವಿಷಯ ಬಂದಾಗಲೂ, ಅವನ ಕೃತ್ಯಕ್ಕೆ ತಕ್ಕದ್ದನ್ನು ದೇವರೇ ಕೊಡಲಿ ಎಂದು ಬಿಟ್ಟುಕೊಡುವ ಮಾತಿನಲ್ಲಿ ಕೀರ್ತನೆಗಳ ದನಿಯೇ ಇದೆ. ಎಲ್ಲೂ ಆಧಾರ ಹೇಳುವುದಿಲ್ಲ, ಇಂಥ ಕಡೆ ಬರೆದಿದೆ ಎನ್ನುವುದೂ ಇಲ್ಲ. ಹಾಲಿನಲ್ಲಿ ಕರಗಿದ ಸಕ್ಕರೆಯಂತೆ ಶಾಸ್ತ್ರ ಅವನ ಮಾತಿನಲ್ಲಿ ಬೆರೆತುಹೋಗಿದೆ. ಶಾಸ್ತ್ರಜ್ಞಾನ ಎಂದರೆ ಇದೇ ಎಂದು ಪ್ರತಿ ಓದಿನಲ್ಲೂ ನನಗನ್ನಿಸುತ್ತದೆ.

ಇನ್ನೊಂದು ಸಣ್ಣ ಮಾತು: ಬರುವಾಗ ಮಾರ್ಕನನ್ನೂ ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ. ಅಪೊಸ್ತಲರ ಕೃತ್ಯಗಳನ್ನು ಓದಿದವರು ಇಲ್ಲಿ ಥಟ್ಟನೆ ನಿಲ್ಲುತ್ತಾರೆ. ಹಿಂದೊಮ್ಮೆ ಪಂಫುಲ್ಯದಲ್ಲಿ ಪೌಲನನ್ನೂ ಬಾರ್ನಬನನ್ನೂ ಅರ್ಧದಲ್ಲೇ ಬಿಟ್ಟುಹೋದವನು ಈ ಮಾರ್ಕ. ಅವನನ್ನು ಮತ್ತೆ ಜೊತೆಗೆ ಕರೆದೊಯ್ಯಲಾರೆನೆಂದು ಪೌಲ ಹಟ ಹಿಡಿದು, ಬಾರ್ನಬನಂಥ ಗೆಳೆಯನಿಂದಲೇ ಬೇರೆಯಾಗಿದ್ದ. ಈಗ ಅದೇ ಮಾರ್ಕ ಬೇಕು. ಹಳೆಯದನ್ನು ಕೆದಕುವ ಒಂದು ಪದವೂ ಇಲ್ಲ. ದೇವರ ಸೇವಕನು ಜಗಳವಾಡದೆ ಎಲ್ಲರ ಸಂಗಡ ಸಾಧುವಾಗಿರಬೇಕೆಂದು ಎರಡನೆಯ ಅಧ್ಯಾಯದಲ್ಲಿ ಕಲಿಸಿದ ಪಾಠ ಇಲ್ಲಿ ಕಲಿಸಿದವನ ನಡತೆಯಲ್ಲೇ ಕಾಣುತ್ತದೆ. ವಿಚಾರಣೆಯ ದಿನ ಕೈಬಿಟ್ಟವರ ಮೇಲೂ ಆ ತಪ್ಪು ಲೆಕ್ಕಕ್ಕೆ ಬಾರದಿರಲಿ ಎಂದು ಬೇಡುವವನು ಅವನೇ. ತಿದ್ದುವುದಕ್ಕೆ ಶಾಸ್ತ್ರ ಒದಗುತ್ತದೆ ಎಂದು ಬರೆದವನನ್ನು ಶಾಸ್ತ್ರ ಮೊದಲು ತಿದ್ದಿದೆ.

ಅದಕ್ಕೇ ಮೂರನೆಯ ಅಧ್ಯಾಯವನ್ನು ನಾಲ್ಕನೆಯದರ ಜೊತೆಗೇ ಓದಬೇಕು. ಒಂದರಲ್ಲಿ ಶಾಸ್ತ್ರದ ಮಹಿಮೆ, ಇನ್ನೊಂದರಲ್ಲಿ ಅದು ಒಬ್ಬ ಮುದುಕನಲ್ಲಿ ಮಾಡಿದ ಕೆಲಸ. ನಮ್ಮ ಸಭಾಪಾಲಕರಲ್ಲೂ ಹಿರಿಯರಲ್ಲೂ ಶಾಸ್ತ್ರ ಎಷ್ಟು ಇಳಿದಿದೆ ಎಂದು ತಿಳಿಯಬೇಕಾದರೆ ಭಾನುವಾರದ ಪ್ರಸಂಗವನ್ನು ಕೇಳೋಣ. ತಮ್ಮನ್ನು ಬಿಟ್ಟುಹೋದವರ ಬಗ್ಗೆ ಅವರು ಹೇಗೆ ಮಾತಾಡುತ್ತಾರೆ ಎಂಬುದನ್ನೂ ಅಷ್ಟೇ ಗಮನವಿಟ್ಟು ಕೇಳೋಣ.