ಗುಡ್ಡ ಕುಡಿದ ನೀರು

ಜುಲೈ ಬಂತೆಂದರೆ ವಿಜಯಪುರದ ಗಾಂಧಿ ಚೌಕದಿಂದ ಬಬಲೇಶ್ವರದ ಚಹಾದಂಗಡಿಯ ತನಕ ಒಂದೇ ಮಾತು: ‘ಜೋಗ ತುಂಬೇತಂತ, ಹೋಗೂಣೇನು?’ ಮೊಬೈಲಿಗೆ ವಿಡಿಯೊ ಬಂದ ರಾತ್ರಿಯೇ ಕ್ರೂಸರ್ ಗಾಡಿ ಗೊತ್ತಾಗುತ್ತದೆ. ಮರುದಿನ ಅಲ್ಲಿಗೆ ಮುಟ್ಟಿದವರಿಗೆ ಕಾಣುವುದು ಮಂಜು ಮತ್ತು ಮುಂದೆ ನಿಂತವರ ಛತ್ರಿ. 253 ಮೀಟರ್ ಎತ್ತರದ ಜಲಪಾತ ಮಂಜಿನ ಹಿಂದೆ ಗುಡುಗುತ್ತಿರುತ್ತದೆ, ಅಷ್ಟೇ. ನನ್ನನ್ನು ಕೇಳಿದರೆ ನಮ್ಮ ಕಡೆಯವರು ಜಲಪಾತಕ್ಕೆ ಹೋಗಬೇಕಾದದ್ದು ದೀಪಾವಳಿಯ ಆಚೀಚೆ, ಮಳೆ ನಿಂತ ಮೇಲೆ. ಅದೂ ದೊಡ್ಡದಕ್ಕಲ್ಲ, ಚಿಕ್ಕದಕ್ಕೆ.

ಯಾಕೆಂದು ತಿಳಿಯಲು ಮೊದಲು ನಮ್ಮ ಡೋಣಿ ಹೊಳೆಯನ್ನು ನೋಡಬೇಕು. ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಹತ್ತಿರ ದಾಟುತ್ತೇವಲ್ಲ, ಅದೇ. ‘ಡೋಣಿ ಹರಿದರ ಓಣೆಲ್ಲ ಕಾಳು’ ಎಂದು ಹಿರಿಯರು ಹೊಗಳಿದ್ದು ಸುಳ್ಳಲ್ಲ. ಆದರೆ ಅದರ ಸಿಟ್ಟು ಒಂದೆರಡು ದಿನದ್ದು. ರಾತ್ರಿ ಜತ್ತ, ತಿಕೋಟಾ ಕಡೆ ದೊಡ್ಡ ಮಳೆಯಾದರೆ ಬೆಳಗಾಗುವಷ್ಟರಲ್ಲಿ ಸೇತುವೆ ಮುಳುಗಿ ರಸ್ತೆ ಬಂದ್. ವಾರ ಕಳೆದರೆ ಹೂಳಿನ ನಡುವೆ ಸವಳು ನೀರಿನ ಒಂದು ಗೆರೆ. ಇದು ಎರಿಭೂಮಿಯ ಗುಣ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ಇಳಿಯುತ್ತದೆ. ತೊಯ್ದ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡ ಮೇಲೆ ಬಿದ್ದದ್ದೆಲ್ಲ ಹಳ್ಳದ ಪಾಲು. ವರ್ಷಕ್ಕೆ 600 ಮಿಲಿಮೀಟರ್ ಕೂಡ ದಾಟದ ಮಳೆ, ಅದರಲ್ಲೂ ನೆಲ ಹಿಡಿದಿಟ್ಟುಕೊಳ್ಳುವುದು ಇಷ್ಟು. ಆದಿಲ್‌ಶಾಹಿಗಳು ತೊರವಿಯಿಂದ ಊರೊಳಗೆ ನೆಲದಡಿಯ ಸುರಂಗದಲ್ಲಿ ನೀರು ತಂದದ್ದು, ಕುಮಟಗಿಯ ಬೇಸಿಗೆ ಅರಮನೆಗೆ ಕಾರಂಜಿ ಕೂಡಿಸಿದ್ದು ಸುಮ್ಮನೆ ಅಲ್ಲ. ನೀರು ಮೇಲಿಂದ ಬೀಳುವುದನ್ನು ನೋಡುವ ಚಪಲ ಸುಲ್ತಾನರಿಗೂ ಇತ್ತು. ಪಾಪ, ಅವರು ಅದನ್ನು ಕಟ್ಟಿಸಿಕೊಳ್ಳಬೇಕಾಯಿತು!

ನಮಗೆ ಆ ಕಷ್ಟವಿಲ್ಲ, ಊರ ಮಗ್ಗುಲಲ್ಲೇ ರಾಷ್ಟ್ರೀಯ ಹೆದ್ದಾರಿ 52 ಇದೆ. ಪಂಜಾಬಿನ ಸಂಗ್ರೂರಿನಲ್ಲಿ ಹೊರಟ ಈ ರಸ್ತೆ ಸೋಲಾಪುರ, ವಿಜಯಪುರ, ಹುಬ್ಬಳ್ಳಿ ಹಾದು ಅಂಕೋಲಾದಲ್ಲಿ ಸಮುದ್ರದ ಮಗ್ಗುಲಿಗೆ ಬಂದು ಮುಗಿಯುತ್ತದೆ. ಹುಬ್ಬಳ್ಳಿಗೆ ಸುಮಾರು 200 ಕಿಲೋಮೀಟರ್, ಅಲ್ಲಿಂದ ಅಂಕೋಲಾಕ್ಕೆ ಸುಮಾರು 140. ಬಬಲೇಶ್ವರದವರು ಬೇಕಾದರೆ ಗಲಗಲಿ, ಮುಧೋಳದ ಮೇಲೆ ಹೋಗಲಿ. ನನಗೆ ಮಾತ್ರ ಕೊಲ್ಹಾರದ ದಾರಿಯೇ ಬೇಕು. ಕೊರ್ತಿ–ಕೊಲ್ಹಾರ ಸೇತುವೆ ಮುಗಿಯುವ ತನಕ ಮೂರು ಕಿಲೋಮೀಟರ್ ಆಚೆ ಈಚೆ ಬರೀ ಆಲಮಟ್ಟಿಯ ಹಿನ್ನೀರು. ಮಣ್ಣಿನ ಕುಡಿಕೆಯಲ್ಲಿ ಸಿಗುವ ಕೊಲ್ಹಾರದ ಮೊಸರಿನ ವಿಷಯ ಇಲ್ಲಿ ಎತ್ತಿದರೆ ಅಂಕಣ ಅಲ್ಲೇ ಮುಗಿಯುತ್ತದೆ, ಬಿಡಿ.

ದಾರಿಯುದ್ದಕ್ಕೂ ಹೊಳೆ ಯಾವ ಕಡೆ ಹರಿಯುತ್ತಿದೆ ಎಂದು ನೋಡುತ್ತ ಹೋಗುವುದು ನನ್ನ ಚಟ. ಕೃಷ್ಣೆ, ಘಟಪ್ರಭೆ, ಮಲಪ್ರಭೆ, ನವಲಗುಂದದ ಹತ್ತಿರ ಬೆಣ್ಣಿಹಳ್ಳ, ಎಲ್ಲವೂ ಪೂರ್ವಕ್ಕೆ, ಬಂಗಾಳ ಕೊಲ್ಲಿಯ ಕಡೆಗೆ. ಹುಬ್ಬಳ್ಳಿ ದಾಟಿ ಕಲಘಟಗಿ ಸೀಮೆಗೆ ಬಂದರೆ ಬೇಡ್ತಿ ಮುಖ ತಿರುಗಿಸಿ ಪಶ್ಚಿಮಕ್ಕೆ ಹೊರಟಿರುತ್ತದೆ. ಮಧ್ಯದಲ್ಲಿ ಎಲ್ಲೂ ದೊಡ್ಡ ಘಟ್ಟ ಹತ್ತಿದ ನೆನಪೇ ಆಗುವುದಿಲ್ಲ, ಆದರೂ ನೀರಿನ ಸೀಮೆ ಬದಲಾಗಿರುತ್ತದೆ. ಕಿರವತ್ತಿ ಬರುವ ಹೊತ್ತಿಗೆ ಸಾಗವಾನಿ, ಯಲ್ಲಾಪುರ ಬಂದರೆ ಅಡಿಕೆ.

ಯಲ್ಲಾಪುರದಿಂದ 20 ಕಿಲೋಮೀಟರಿನಷ್ಟು ಒಳಗೆ ಅದೇ ಬೇಡ್ತಿ ಮಾಗೋಡಿನಲ್ಲಿ ಎರಡು ಹಂತವಾಗಿ ಕಣಿವೆಗೆ ಜಿಗಿಯುತ್ತದೆ. ನೋಡಿ ಬನ್ನಿ, ಬೇಡ ಅನ್ನುವುದಿಲ್ಲ. ದೂರದ ಕಟಾಂಜನದ ಹಿಂದೆ ನಿಂತು ನೋಡುವ ಜಲಪಾತ ಅದು, ನೀರಿನ ತಂಪು ಮೈಗೆ ತಾಗುವುದಿಲ್ಲ. ಅದು ಇವತ್ತಿಗೂ ತನ್ನ ಮನಸ್ಸಿನಂತೆ ಬೀಳುತ್ತಿರುವುದಕ್ಕೆ ಕಾರಣವಿದೆ. ಬೇಡ್ತಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆಯನ್ನು ಈ ಕಡೆಯ ಅಡಿಕೆ ತೋಟದವರು ಎದುರಿಸಿದರು, 1981ರಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ಮಾಡಿ ವಿಜ್ಞಾನಿಗಳನ್ನು ಕೂಡಿಸಿದರು, ಕಡೆಗೆ ಯೋಜನೆ ನಿಂತಿತು. ಏತ ನೀರಾವರಿಯ ಪೈಪಿನ ಬಾಯಿಗೂ ತೆಂಗಿನಕಾಯಿ ಒಡೆಯುವ ನಮ್ಮ ಜನಕ್ಕೆ ‘ಅಣೆಕಟ್ಟು ಬೇಡ’ ಎನ್ನುವ ಮಾತು ವಿಚಿತ್ರವಾಗಿ ಕೇಳಬಹುದು. ಒಮ್ಮೆ ಆ ಕಾಡು ನೋಡಿದರೆ ಅವರ ಕಡೆಯ ಲೆಕ್ಕವೂ ತಿಳಿಯುತ್ತದೆ.

ಅರಬೈಲ್ ಘಟ್ಟ ಇಳಿಯುವಾಗ ಲಾರಿಗಳ ಹಿಂದೆ ತಾಳ್ಮೆಯಿಂದ ಹೋಗಿ. ಇಳಿದ ಮೇಲೆ ಬೇಡ್ತಿ ಗಂಗಾವಳಿ ಎಂಬ ಹೆಸರಿನಲ್ಲಿ ಮತ್ತೆ ಸಿಗುತ್ತದೆ. ಅದರ ದಂಡೆಯ ಶಿರೂರಿನಲ್ಲೇ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ 66ರ ಮೇಲಿದ್ದವರನ್ನು ಹೊಳೆಗೆ ತಳ್ಳಿತು. ಮಳೆಗಾಲದಲ್ಲಿ ಬರಬೇಡಿ ಎಂದು ನಾನು ಹೇಳುವುದು ಬರೀ ಮಂಜಿನ ದೆಸೆಯಿಂದ ಅಲ್ಲ.

ನಾನು ಕರೆದೊಯ್ಯುವ ಜಲಪಾತ ವಿಭೂತಿ. ಅಂಕೋಲಾದಿಂದ ಹಿಲ್ಲೂರು, ಅಚವೆಯ ದಾರಿ. ಅಲೆಯ ಸಪ್ಪಳ ಬಿಟ್ಟು ಹೊರಟರೆ ಚಹಾ ಆರುವುದರೊಳಗೆ ಗದ್ದೆ, ಗದ್ದೆ ಮುಗಿದರೆ ತೋಟ, ತೋಟದ ಬೆನ್ನಿಗೇ ಕಾಡು. ಯಾಣದ ಕಪ್ಪು ಶಿಖರಗಳಿರುವ ಸುಣ್ಣಕಲ್ಲಿನ ಸೀಮೆಯೇ ಇದು. ಗಾಡಿ ನಿಲ್ಲಿಸಿ ಕಾಡಿನೊಳಗೆ ನಡೆಯಬೇಕು. ನೆತ್ತಿಯ ಮೇಲೆ ಮಧ್ಯಾಹ್ನದ ಬಿಸಿಲಿದ್ದರೂ ಕಾಲಡಿಯಲ್ಲಿ ಸಂಜೆಯ ಬೆಳಕು. ನೆಲಕ್ಕೆ ಕೈ ಹಾಕಿ ನೋಡಿ. ಮೇಲೆ ಒಣಗಿದ ದರಕು, ಅಂದರೆ ಉದುರಿದ ಎಲೆ, ಅದರ ಕೆಳಗೆ ಕೊಳೆತ ದರಕು, ಅದರ ಕೆಳಗೆ ಬೇರಿನ ಜಾಲ, ಅದಕ್ಕೂ ಕೆಳಗೆ ತೂತುತೂತಾದ ಕೆಂಪು ಜಂಬಿಟ್ಟಿಗೆ. ಬೆರಳಿಗೆ ಹತ್ತಿದ ಮಣ್ಣು ಇನ್ನೂ ಹಸಿ. ನನ್ನ ಜೊತೆ ಬಂದಿದ್ದ ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಉಂಬಳ (ಜಿಗಣೆ) ಕಂಡು ಹೌಹಾರಿದವರು, ಈ ಮಣ್ಣು ಮುಟ್ಟಿದ ಮೇಲೆ ಅದನ್ನು ಮರೆತೇಬಿಟ್ಟರು.

ಜಲಪಾತ ದೊಡ್ಡದೇನಲ್ಲ. ತೆಂಗಿನ ಮರದ ಎತ್ತರ ಎನ್ನಿ. ನೀರು ಒಂದೇ ಸಲ ಧುಮುಕುವುದಿಲ್ಲ. ಬಂಡೆಯ ಪ್ರತಿ ಉಬ್ಬನ್ನೂ ಸವರಿಕೊಂಡು, ಸೀಳಿ ಸೀಳಿ ಇಳಿದು ಕೆಳಗಿನ ಗುಂಡಿ ಸೇರುತ್ತದೆ. ಗುಂಡಿಯ ತಳದ ಕಲ್ಲು ಕಾಣುವಷ್ಟು ತಿಳಿ. ಕಾಲು ಇಳಿಬಿಟ್ಟು ಕೂತರೆ ಸಣ್ಣ ಮೀನು ಬಂದು ಹಿಮ್ಮಡಿ ಕಚ್ಚುತ್ತವೆ.

‘ಮಳಿ ನಿಂತು ತಿಂಗಳಾತು, ಇಷ್ಟು ನೀರು ಎಲ್ಲಿಂದ ಬರ್ತೈತ್ರೀ?’ ಎಂದು ನಮ್ಮವರು ಅಲ್ಲಿದ್ದ ಮುದುಕರೊಬ್ಬರನ್ನು ಕೇಳಿದರು.

‘ಮಳೆ ನಿಂತ್ರೆ ಎಂತಾಯ್ತು? ಗುಡ್ಡ ಕುಡ್ದದ್ದು ಈಗ ಬಿಡ್ತದೆ.’

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಇಲ್ಲಿ ವರ್ಷಕ್ಕೆ ನಮ್ಮ ಐದಾರು ಪಟ್ಟು ಮಳೆ ನಿಜ. ಆದರೆ ಅಷ್ಟೂ ಮಳೆ ಸುರಿದ ಕೂಡಲೇ ಕಡಲು ಸೇರಿದ್ದರೆ ಇದೂ ಇನ್ನೊಂದು ಡೋಣಿಯೇ. ಎಲೆಗೆ ಬಿದ್ದದ್ದು ಕೊಂಬೆಗೆ, ಕೊಂಬೆಯದು ದರಕಿಗೆ, ದರಕಿನದು ಬೇರಿನ ಸಂದಿಗೆ ಇಳಿಯುತ್ತ ವೇಗ ಕಳೆದುಕೊಳ್ಳುತ್ತದೆ. ಹೊನ್ನಾವರದಿಂದ ಜೋಗಕ್ಕೆ ಹತ್ತುವ ದಾರಿಯ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಮಂಡಿ ಮಡಚಿದಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ಮರಗಳು ನೀರಿನಲ್ಲೇ ನಿಂತಿರುತ್ತವೆ. ಘಟ್ಟದ ಹೊಳೆಗಳಿಗೆ ಬೇಸಿಗೆಯಲ್ಲೂ ನೀರು ಉಣಿಸುವುದು ಇಂಥ ಜಾಗಗಳೇ. ಜುಲೈಯಲ್ಲಿ ಬಂದವರು ನೋಡುವುದು ಮಳೆಯ ಆರ್ಭಟ, ನವೆಂಬರಿನಲ್ಲಿ ಬಂದವರು ಕಾಡಿನ ಕೆಲಸವನ್ನು ನೋಡುತ್ತಾರೆ.

ಒಂದು ದಿನಕ್ಕೆ ಒಂದೇ ಜಲಪಾತ ಸಾಕು. ಬೆಳಗ್ಗೆ ಬೇಗ ಹೋದರೆ ಒಳ್ಳೆಯದು, ಹತ್ತು ಗಂಟೆಯ ಮೇಲೆ ಸ್ಪೀಕರ್ ಹಿಡಿದ ಗುಂಪುಗಳು ಬರುತ್ತವೆ. ನೀರಿನ ಸಪ್ಪಳ ಕೇಳಲು 340 ಕಿಲೋಮೀಟರ್ ಬಂದು ಡಿಜೆ ಹಾಡು ಕೇಳಿಸಿಕೊಂಡು ಹೋಗುವವರ ಬಗ್ಗೆ ನನಗೆ ಕನಿಕರವೂ ಇಲ್ಲ. ಪಾಚಿಗಟ್ಟಿದ ಬಂಡೆ ಏರಬೇಡಿ. ಮಧ್ಯಾಹ್ನ ಹೆದ್ದಾರಿ 66 ಹಿಡಿದು ಕುಮಟಾ ಕಡೆ ಇಳಿದರೆ ಎಡಕ್ಕೆ ಘಟ್ಟದ ನೀಲಿ, ಬಲಕ್ಕೆ ಆಗಾಗ ಮಿಂಚುವ ಅಳಿವೆ. ಗೋಕರ್ಣಕ್ಕೆ ಹೊರಳಿ ಸಂಜೆ ಸಮುದ್ರ ನೋಡಬಹುದು. ಮರಳುವಾಗ ಅರಬೈಲನ್ನು ಹಗಲಿನಲ್ಲೇ ಹತ್ತಿ. ಇನ್ನು ಊಟ. ಮೀನು ತಿನ್ನುವವರಿಗೆ ಅಂಕೋಲಾ, ಕುಮಟಾ ಎರಡೂ ಹಬ್ಬ. ತಿನ್ನದವರು ಖಾನಾವಳಿಯ ಹೊರಗೇ ಕೇಳಿ ಒಳಗೆ ಹೋಗಿ, ಮುರುಗಲ ಸಾರು ಸಿಕ್ಕರೆ ಬಿಡಬೇಡಿ. ಮನೆಯಿಂದ ಸಜ್ಜಿ ಕಟಿರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿದ್ದರೆ ಒಂದು ಎಚ್ಚರ: ಕರಾವಳಿಯ ಗಾಳಿಗೆ ಕಟಿರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಗಟ್ಟಿಯಾಗಿರಲಿ.